ಲೆಕ್ಕದ ಕಾಯಿ

ಕಂಪ್ಯೂಟರಿನ ಯಾವುದೋ ತಂತ್ರಾಂಶದಲ್ಲಿ ದೋಷ ಪತ್ತೆಯಾದರೆ ಅದರ ಬಗ್ಗೆ ಒಂದು ಪ್ರಕಟಣೆ ಬರುತ್ತದೆ. ದೋಷ ಎಷ್ಟು ದೊಡ್ಡದು, ಯಾವ ಯಂತ್ರಗಳಿಗೆ ಅಪಾಯ ಎಂದು ಎಲ್ಲರೂ ನೋಡುತ್ತಾರೆ. ನಾನು ಮೊದಲು ಹುಡುಕುವುದು ಎರಡು ತಾರೀಕುಗಳನ್ನು. ದೋಷ ಗೊತ್ತಾದ ದಿನ ಒಂದು, ಅದನ್ನು ಬಾಯಿಬಿಟ್ಟು ಹೇಳಿದ ದಿನ ಇನ್ನೊಂದು. ನಡುವೆ ಎಷ್ಟು ದಿನ ಕಳೆಯಿತು ಎಂದು ಬೆರಳಿನ ಗೆಣ್ಣುಗಳಲ್ಲಿ ಎಣಿಸುತ್ತೇನೆ. ಈ ಚಟ ನನಗೆ ಹೇಗೆ ಹತ್ತಿತು ಎಂದು ಈವರೆಗೆ ಯಾರಿಗೂ ಹೇಳಿಲ್ಲ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಪ್ರಕಟಣೆ ಬಂತು. ಆಗ ನಾನು ಕುಂದಾಪುರದ ಹತ್ತಿರ ಡಿಪ್ಲೊಮಾ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಜಗತ್ತಿನಾದ್ಯಂತ ಯಂತ್ರಗಳನ್ನು ಒಳಗಿನಿಂದ ನಡೆಸುವ ಒಂದು ಕರ್ನೆಲ್‌ನಲ್ಲಿ, ಅದೂ ನೆಟ್‌ವರ್ಕ್ ನೋಡಿಕೊಳ್ಳುವ ಭಾಗದಲ್ಲಿ, ಹೊರಗಿನಿಂದ ಬಂದ ಮಾಹಿತಿಯ ಉದ್ದವನ್ನು ಸರಿಯಾಗಿ ಅಳೆಯದೆ ಒಳಗೆ ಬಿಟ್ಟುಕೊಳ್ಳುವ ದೋಷ ಸಿಕ್ಕಿತ್ತು. ನಮ್ಮ ನಲವತ್ತು ಯಂತ್ರಗಳನ್ನೂ ನಿಲ್ಲಿಸಿ, ಹೊಸ ಕರ್ನೆಲ್ ಹಾಕಿ, ಮತ್ತೆ ಎಬ್ಬಿಸಬೇಕಿತ್ತು. ಆ ಕೆಲಸದ ನಡುವೆ ಒಬ್ಬ ವಿದ್ಯಾರ್ಥಿನಿ, "ಒಂದು ಅಕ್ಷರ ಹೆಚ್ಚಾದ್ರೆ ಇಡೀ ಯಂತ್ರ ಯಾಕೆ ಬೀಳ್ಬೇಕು ಮೇಡಂ? ಇದನ್ನ ಬರೆದವ್ರಿಗೆ ಅಷ್ಟೂ ಲೆಕ್ಕ ಬರ್ತಿರ್ಲಿಲ್ವಾ?" ಎಂದು ಕೇಳಿದಳು. ಉಳಿದವರು ನಕ್ಕರು. ನಾನು ಸುಮ್ಮನೆ ಸಿಡುಕಿದೆ. ಆಮೇಲೆ ದಿನವಿಡೀ ಕೂತಲ್ಲಿ ಕೂರಲಾಗಲಿಲ್ಲ. ಅಷ್ಟೂ ಲೆಕ್ಕ ಬಾರದ ಒಬ್ಬಳು ಅವಳ ಎದುರಿಗೇ ನಿಂತಿದ್ದಳಲ್ಲ.

ಹೊಸ ಶತಮಾನ ಶುರುವಾದ ಮರುವರ್ಷದ ಮಾತು. ನನಗಾಗ ಇಪ್ಪತ್ನಾಲ್ಕು. ಕುಂದಾಪುರದ ಒಬ್ಬ ಡಾಕ್ಟರು ರಕ್ತ ಪರೀಕ್ಷೆಯ ಕೇಂದ್ರ ನಡೆಸುತ್ತಿದ್ದರು. ಬೈಂದೂರಿನಲ್ಲೂ ಬ್ರಹ್ಮಾವರದಲ್ಲೂ ಅವರದೊಂದೊಂದು ಸಣ್ಣ ಕೋಣೆ ಇತ್ತು. ಅಲ್ಲಿ ರಕ್ತ ತೆಗೆದು, ಸೀಸೆಗಳನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕುಂದಾಪುರಕ್ಕೆ ಕಳಿಸುತ್ತಿದ್ದರು. ರೋಗಿಯ ಹೆಸರು, ವಿಳಾಸ, ಯಾವ ಪರೀಕ್ಷೆ ಎಂಬುದೆಲ್ಲ ಫೋನ್ ತಂತಿಯ ಮೇಲೆ ಮೋಡೆಮ್ ಮೂಲಕ ಹೋಗಬೇಕು, ಫಲಿತಾಂಶ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಈ ಮೂರು ಊರುಗಳ ಕಂಪ್ಯೂಟರುಗಳನ್ನು ಜೋಡಿಸುವ ಕೆಲಸ ನನಗೆ ಸಿಕ್ಕಿತು.

ಮಳೆಗಾಲದಲ್ಲಿ ಆ ತಂತಿಗಳು ಗೊರಗೊರ ಎನ್ನುವುದನ್ನು ಕೇಳಬೇಕಿತ್ತು. ಅರ್ಧ ಮಾತು ಬರುತ್ತಿತ್ತು, ಅರ್ಧ ತೊಳೆದು ಹೋಗುತ್ತಿತ್ತು. ಬಿಟ್ಟುಹೋದ ತುಂಡನ್ನು ಮತ್ತೆ ಕೇಳಿ ತರಿಸಿಕೊಳ್ಳುವ ಒಂದು ತಂತ್ರಾಂಶವನ್ನು ನಾನೇ ಬರೆದೆ. ಅದನ್ನು ಉಳಿದ ತಂತ್ರಾಂಶಗಳ ಹಾಗೆ ಹೊರಗೆ ಬರೆದಿದ್ದರೆ ಸಾಕಿತ್ತು. ನಾನು ಕರ್ನೆಲ್ ಒಳಗೇ ಬರೆದೆ. ಕರ್ನೆಲ್ ಅಂದರೆ ಯಂತ್ರ ಎದ್ದ ಕ್ಷಣದಿಂದ ಪರದೆ, ಡಿಸ್ಕು, ತಂತಿ ಎಲ್ಲವನ್ನೂ ನಡೆಸುವ ತಳಪಾಯದ ತಂತ್ರಾಂಶ. ಹೊರಗಿನ ತಂತ್ರಾಂಶ ತಪ್ಪಿದರೆ ಅದೊಂದೇ ಸಾಯುತ್ತದೆ, ಕರ್ನೆಲ್ ತಪ್ಪಿದರೆ ಯಂತ್ರವೇ ಕೈಚೆಲ್ಲುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ನಮ್ಮ ತಾಲೂಕಿನಲ್ಲಿ ಕರ್ನೆಲ್ ಮುಟ್ಟಿದವಳು ನಾನೊಬ್ಬಳೇ ಎಂಬ ಜಂಬ ತಲೆಗೇರಿತ್ತು. ಸುಳ್ಳು ಯಾಕೆ ಹೇಳಲಿ, ಬೇರೆ ಕಾರಣ ಏನೂ ಇರಲಿಲ್ಲ.

ಬೈಂದೂರಿನ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರನ್ನು ನಾನು ಅಕ್ಕ ಎನ್ನುತ್ತಿದ್ದೆ. ನಲವತ್ತೈದು ದಾಟಿದ ಹೆಂಗಸು, ಮೀನು ವ್ಯಾಪಾರದ ಮನೆಯವರು. ಮೊದಲು ಪೇಟೆಯ ಒಂದು ಫೋನ್ ಬೂತಿನಲ್ಲಿದ್ದರು. ಮುಂಬಯಿಯಿಂದ ಫೋನ್ ಬಂದರೆ ಇಂಥವರನ್ನು ಕರೆಸಿ ಎನ್ನುತ್ತಿದ್ದ ಕಾಲ. ಒಮ್ಮೆ ಒಂದೇ ಹೆಸರಿನ ಇಬ್ಬರು ಹೆಂಗಸರಲ್ಲಿ ತಪ್ಪಿ ಬೇರೊಬ್ಬಳನ್ನು ಕರೆಸಿಬಿಟ್ಟರಂತೆ. ಗಂಡ ತೀರಿಹೋದ ಸುದ್ದಿಯನ್ನು ಆಕೆ ಕೇಳಿಸಿಕೊಂಡು, ಬೂತಿನ ನೆಲದ ಮೇಲೆ ಬಿದ್ದು ಹೊರಳಾಡಿದಳಂತೆ. ತೀರಿಹೋದದ್ದು ಇನ್ನೊಬ್ಬಳ ಗಂಡ. ಅಂದಿನಿಂದ ಅಕ್ಕ ಯಾರದ್ದನ್ನೂ ಬರೀ ಹೆಸರೊಂದೇ ಬರೆದವರಲ್ಲ. ಗಂಡನ ಹೆಸರು, ಮನೆಯ ಹೆಸರು, ಯಾವ ದೈವದ ಗುಡಿಯ ಹಿಂದೆ, ಯಾವ ಗದ್ದೆಯ ಅಂಚಿಗೆ, ಪಕ್ಕದ ಮನೆಯ ಫೋನ್ ನಂಬರು, ಎಲ್ಲವನ್ನೂ ಒಂದೊಂದೇ ಬೆರಳಲ್ಲಿ ಒತ್ತಿ ತುಂಬಿಸುತ್ತಿದ್ದರು.

ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಬೈಂದೂರಿನ ಯಂತ್ರ ನಿಲ್ಲತೊಡಗಿತು. ಪರದೆ ಇದ್ದ ಹಾಗೇ ಇರುತ್ತಿತ್ತು, ಯಾವ ಗುಂಡಿ ಒತ್ತಿದರೂ ಮಿಸುಕಾಡುತ್ತಿರಲಿಲ್ಲ. ಆ ದಿನ ತುಂಬಿಸಿದ್ದೆಲ್ಲ ನೀರುಪಾಲು. ಕುಂದಾಪುರದಲ್ಲಿ ಸೀಸೆಗಳು ಹೆಸರಿಲ್ಲದೆ ಕೂರುತ್ತಿದ್ದವು. ಶಿರೂರಿನ ಕಡೆಯ ಒಬ್ಬ ಮುದುಕಿ ಖಾಲಿ ಹೊಟ್ಟೆಯಲ್ಲಿ ಮೂರು ಸಲ ಬಂದು ರಕ್ತ ಕೊಟ್ಟು, ಮೂರನೆಯ ಸಲ ಡಾಕ್ಟರಿಗೇ ಫೋನ್ ಮಾಡಿಸಿ ಚೆನ್ನಾಗಿ ಬೈದಳು. ಬ್ರಹ್ಮಾವರದ ಕೋಣೆಯಲ್ಲಿ ಇದೇ ಯಂತ್ರ, ಇದೇ ತಂತ್ರಾಂಶ. ಅಲ್ಲಿ ಏನೂ ಆಗುತ್ತಿರಲಿಲ್ಲ.

ಡಾಕ್ಟರು ನನ್ನನ್ನು ಕಳಿಸಿದರು. ನಾನು ಬೈಂದೂರಿಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತೆ. ನನ್ನ ಹೆಸರು ತುಂಬಿಸಿದೆ, ಊರು ಬ್ರಹ್ಮಾವರ ಎಂದು ಒತ್ತಿದೆ, ಕಳಿಸಿದೆ. ಇಪ್ಪತ್ತು ಸಲ ಕಳಿಸಿದೆ, ಇಪ್ಪತ್ತು ಸಲವೂ ಸರಿಯಾಗಿ ಹೋಗಿ ಸರಿಯಾಗಿ ಬಂತು. ಅಕ್ಕ ನನ್ನ ಹಿಂದೆ ಒಂದು ನೋಟ್‌ಬುಕ್ ಹಿಡಿದು ನಿಂತಿದ್ದರು. ಯಂತ್ರ ನಿಂತ ದಿನ, ಗಂಟೆ, ಆಗ ತುಂಬಿಸುತ್ತಿದ್ದವರ ಪೂರ್ತಿ ವಿಳಾಸ, ಎಲ್ಲ ಅದರಲ್ಲಿತ್ತು.

"ತಂಗಿ, ಒಂಚೂರ್ ಇದನ್ ಕಾಣ್," ಎಂದರು. "ನಂಗನ್ಸುದು, ಉದ್ದ ಬರ್ದ್ರೆ ಅದ್ ನಿಲ್ತತ್ತ್. ಗಿಡ್ಡ ಬರ್ದ ದಿನ ಒಂದ್ ಸಲಾನೂ ನಿಲ್ಲಲಿಲ್ಲೆ."

ನನಗೆ ನಗು ಬಂತು. ಹೆಚ್ಚಿಗೆ ಉದ್ದವಾದರೆ ಕತ್ತರಿಸಿ ತೆಗೆದುಕೊಳ್ಳುವ ಹಾಗೆ ನಾನೇ ಬರೆದಿದ್ದೆನಲ್ಲ. "ಅಕ್ಕ, ಅದಕ್ ಉದ್ದ ಗಿಡ್ಡ ಎಲ್ಲ ಒಂದೇ. ನೀವ್ ನಡುವೆ ಬೇರೆ ಎಂತದೋ ಒತ್ತತ್ರಿ, ಅದ್ಕೇ ನಿಲ್ಲುದ್," ಎಂದೆ.

"ನಾನ್ ಬೇರೆ ಎಂತದೂ ಮುಟ್ಟುದಿಲ್ಲೆ," ಎಂದರು ಅವರು. ನೋಟ್‌ಬುಕ್ ನನ್ನ ಮುಂದೆ ಹಿಡಿದೇ ಇದ್ದರು. ನಾನು ಅದನ್ನು ತೆರೆದೂ ನೋಡದೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಸಂಜೆ ಡಾಕ್ಟರಿಗೆ, ಯಂತ್ರದಲ್ಲಿ ದೋಷ ಇಲ್ಲ ಎಂದು ಹೇಳಿಬಿಟ್ಟೆ. ಹಾಗಾದರೆ ದೋಷ ಎಲ್ಲಿದೆ ಎಂದು ಅವರು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮರುದಿನ ಫೋನ್ ಮಾಡಿ ಅಕ್ಕನಿಗೆ ಬೈದರು, ಈ ತಿಂಗಳ ಕೊನೆಯವರೆಗೆ ನೋಡುತ್ತೇನೆ, ಸರಿಯಾಗದಿದ್ದರೆ ಬೇರೆಯವರನ್ನು ಇಡುತ್ತೇನೆ ಎಂದರು. ಅಕ್ಕನ ಗಂಡನಿಗೆ ಸಮುದ್ರಕ್ಕೆ ಹೋಗುವ ತ್ರಾಣ ಇರಲಿಲ್ಲ. ಮನೆ ನಡೆಯುತ್ತಿದ್ದುದು ಆ ಕೋಣೆಯಿಂದ.

ಇಷ್ಟಾದ ಮೇಲೂ ಯಂತ್ರ ನಿಲ್ಲುತ್ತಲೇ ಇತ್ತು. ನನಗೆ ಒಳಗೊಳಗೇ ಕಸಿವಿಸಿ. ಯಾರೋ ಬೇಕಂತಲೇ ನಮ್ಮ ನಂಬರಿಗೆ ಮೋಡೆಮ್ ಹಚ್ಚಿ ಏನೋ ಕಳಿಸುತ್ತಿದ್ದಾರೆ ಎಂದೂ ಅನುಮಾನ ಬಂತು. ಮತ್ತೆ ಬೈಂದೂರಿಗೆ ಹೋಗಿ, ಈ ಸಲ ಅಕ್ಕನನ್ನೇ ಕುರ್ಚಿಯಲ್ಲಿ ಕೂರಿಸಿ, ಅವರ ಬೆರಳುಗಳನ್ನೇ ಕಳ್ಳನನ್ನು ಕಾಯುವ ಹಾಗೆ ನೋಡುತ್ತ ನಿಂತೆ. ಅವರು ಒಂದು ವಿಳಾಸ ತುಂಬಿಸಿದರು, ಎರಡನೆಯದು ತುಂಬಿಸಿದರು. ಬೇರೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಮೂರನೆಯದು ಹೋಗಿ, ಕುಂದಾಪುರದಿಂದ ಕ್ರಮಸಂಖ್ಯೆ ಸೇರಿಸಿಕೊಂಡು ಹಿಂದೆ ಬಂತು, ಯಂತ್ರ ನಿಂತಿತು. ಅಕ್ಕ ನನ್ನತ್ತ ತಿರುಗಿ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡರು.

ಆ ನೋಟ್‌ಬುಕ್ಕನ್ನು ಒಂದು ದಿನಕ್ಕೆಂದು ಕೇಳಿ ತೆಗೆದುಕೊಂಡೆ. ಬೈಂದೂರಿನಿಂದ ಬಸ್ಸಿನಲ್ಲಿ ಬರುತ್ತ ತೊಡೆಯ ಮೇಲಿಟ್ಟುಕೊಂಡು ಅಕ್ಷರಗಳನ್ನು ಎಣಿಸಿದೆ. ಮರವಂತೆ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ತಲ್ಲೂರು ದಾಟುವಾಗ ಒಂದು ಸಂಗತಿ ಸ್ಪಷ್ಟವಾಯಿತು. ಯಂತ್ರ ನಿಂತ ದಿನಗಳ ವಿಳಾಸಗಳೆಲ್ಲ, ಕ್ರಮಸಂಖ್ಯೆ ಸೇರಿದರೆ, ಇನ್ನೂರ ಐವತ್ತಾರು ಅಕ್ಷರಗಳ ಮಿತಿ ಮುಟ್ಟುತ್ತಿದ್ದವು. ಅದಕ್ಕಿಂತ ಉದ್ದದವನ್ನು ನನ್ನ ತಂತ್ರಾಂಶ ಸರಿಯಾಗಿ ಇನ್ನೂರ ಐವತ್ತಾರಕ್ಕೆ ಕತ್ತರಿಸುತ್ತಿತ್ತು. ಬ್ರಹ್ಮಾವರದ ಹುಡುಗಿ ಹೆಸರು, ಊರು ಇಷ್ಟೇ ಬರೆಯುತ್ತಿದ್ದಳು, ಹಾಗಾಗಿ ಅಲ್ಲಿ ತೊಂದರೆ ಇಲ್ಲ. ಅಕ್ಕ ಹೇಳಿದ್ದು ಸರಿಯಾಗಿತ್ತು. ಆದರೆ ಯಾಕೆ? ನಾನು ಇಟ್ಟ ಜಾಗವೂ ಇನ್ನೂರ ಐವತ್ತಾರು, ಒಳಗೆ ಬಿಡುವುದೂ ಇನ್ನೂರ ಐವತ್ತಾರು. ಆ ಸಾಲುಗಳನ್ನು ಮೂರು ದಿನ ನೋಡಿದೆ. ತಲೆ ಕೆಟ್ಟುಹೋಯಿತೇ ಹೊರತು ಕಣ್ಣಿಗೆ ಏನೂ ಬೀಳಲಿಲ್ಲ.

ನಮ್ಮ ಮನೆ ಬ್ರಹ್ಮಾವರದ ಒಳಗೆ. ಅಪ್ಪಯ್ಯನದು ತೆಂಗಿನಕಾಯಿ ವ್ಯಾಪಾರ. ಕಾಯಿ ಎಣಿಸುವಾಗ ಒಂದು ಎಂದು ಶುರು ಮಾಡುವ ಹಾಗಿಲ್ಲ, ಲಾಭ ಎನ್ನಬೇಕು, ಆಮೇಲೆ ಎರಡು, ಮೂರು. ನೂರು ತುಂಬಿದ ಕೂಡಲೇ ಇನ್ನೊಂದು ಕಾಯಿ ತೆಗೆದು ಬದಿಗಿಡಬೇಕು. ಅದು ಗುರುತಿನ ಕಾಯಿ, ನಾವು ಲೆಕ್ಕದ ಕಾಯಿ ಎನ್ನುತ್ತೇವೆ. ಕೊನೆಗೆ ಲೆಕ್ಕದ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರು ಎಂದು ಗೊತ್ತಾಗುತ್ತದೆ. ಅವನ್ನೂ ಕೊಂಡವನಿಗೇ ಕೊಡುವುದು ಮರ್ಯಾದೆ. ನಮ್ಮ ಮನೆಯಲ್ಲಿ ನೂರು ಅಂದರೆ ನೂರೊಂದು. ಆರು ವರ್ಷದವಳಿದ್ದಾಗಿಂದ ನನ್ನ ಕೈ ಅದನ್ನು ತಾನಾಗಿಯೇ ಮಾಡುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಕುಂಭಾಶಿಯ ಕಡೆಯ ಒಬ್ಬ ವ್ಯಾಪಾರಿ ಚೀಲಗಳನ್ನು ತಂದಿದ್ದ. ಒಂದೊಂದರಲ್ಲಿ ಸರಿಯಾಗಿ ನೂರು ಸಣ್ಣಕಾಯಿ ಹಿಡಿಯುತ್ತಿತ್ತು. ಅಪ್ಪಯ್ಯ ಎಣಿಸಿದರು, ನಾನು ತುಂಬಿಸಿದೆ. ನನ್ನ ಮನಸ್ಸು ಎಲ್ಲೋ ಇತ್ತು. ನೂರಾದ ಮೇಲೆ ಲೆಕ್ಕದ ಕಾಯಿಯನ್ನೂ ಅದೇ ಚೀಲದ ಬಾಯಿಗೆ ತುರುಕಿದೆ. ಅದು ಜಾರಿ ಪಕ್ಕದ ಚೀಲಕ್ಕೆ ಬಿತ್ತು.

"ಎಂತ ಮಾಡ್ತೆ ನೀನ್?" ಎಂದು ಅಪ್ಪಯ್ಯ ಗದರಿದರು. "ಲೆಕ್ಕದ ಕಾಯಿ ಚೀಲಕ್ಕಲ್ಲ, ಹೊರಗ್ ನೆಲದ್ ಮೇಲೆ ಇಡುದ್. ಈಗ ಆ ಚೀಲದ್ ಲೆಕ್ಕವೂ ಹಾಳ್."

ನಾನು ಚೀಲಗಳನ್ನು ಅಲ್ಲೇ ಬಿಟ್ಟು ಒಳಗೆ ಓಡಿ ಆ ಸಾಲುಗಳ ಮುಂದೆ ಕೂತೆ. ನನ್ನ ತಂತ್ರಾಂಶ ಬಂದ ಅಕ್ಷರಗಳನ್ನು ತುಂಬಿಸಿದ ಮೇಲೆ, ಇಲ್ಲಿಗೆ ಮುಗಿಯಿತು ಎಂಬ ಗುರುತಿಗೆ ಒಂದು ಸೊನ್ನೆ ಇಡುತ್ತಿತ್ತು. ಅಕ್ಷರಗಳು ಕಡಿಮೆ ಇದ್ದಾಗ ಸೊನ್ನೆಗೆ ಜಾಗ ಇರುತ್ತಿತ್ತು. ಇನ್ನೂರ ಐವತ್ತಾರೂ ತುಂಬಿದಾಗ ಅದು ಇನ್ನೂರ ಐವತ್ತೇಳನೆಯ ಮನೆಗೆ ಹೋಗಿ ಕೂರುತ್ತಿತ್ತು. ಮಿತಿಯ ಪರೀಕ್ಷೆಯಲ್ಲಿ, ಇನ್ನೂರ ಐವತ್ತಾರಕ್ಕಿಂತ ಹೆಚ್ಚಾದರೆ ಕತ್ತರಿಸು ಎಂದು ಬರೆದಿದ್ದೆ. ಗುರುತನ್ನೂ ಲೆಕ್ಕಕ್ಕೆ ಹಿಡಿದು ಒಂದು ಕಡಿಮೆ ಬರೆಯಬೇಕಿತ್ತು. ತುಂಬಿದ ಮೇಲೆ ಒಂದು ಹೆಚ್ಚಿಗೆ ಇಡುವುದು ನನ್ನ ಕಣ್ಣಿಗೆ ತಪ್ಪಾಗಿ ಕಾಣುವುದಾದರೂ ಹೇಗೆ? ನಮ್ಮ ಅಂಗಳದಲ್ಲಾದರೆ ಹೊರಗೆ ನೆಲ ಇತ್ತು. ಯಂತ್ರದ ನೆನಪಿನಲ್ಲಿ ಹೊರಗೆ ಎಂಬುದೇ ಇಲ್ಲ, ಅಲ್ಲಿರುವುದು ಪಕ್ಕದವರ ಮನೆ. ಪಕ್ಕದಲ್ಲಿ ಕರ್ನೆಲ್ ತನ್ನ ಇನ್ನೊಂದು ಕೆಲಸ ಎಲ್ಲಿದೆ ಎಂಬ ವಿಳಾಸ ಇಟ್ಟುಕೊಂಡಿತ್ತು. ನನ್ನ ಸೊನ್ನೆ ಅದನ್ನು ಅಳಿಸುತ್ತಿತ್ತು, ಕರ್ನೆಲ್ ದಾರಿ ತಪ್ಪಿ ನಿಲ್ಲುತ್ತಿತ್ತು. ಅಲ್ಲಿ ಆಗಲೇ ಸೊನ್ನೆ ಇದ್ದ ದಿನ ಏನೂ ಆಗುತ್ತಿರಲಿಲ್ಲ. ಬೇಕಂತಲೇ ಉದ್ದದ ಮಾತು ಕಳಿಸುವವನೊಬ್ಬ ನಿಜಕ್ಕೂ ಇದ್ದಿದ್ದರೆ ನಮ್ಮ ಮೂರೂ ಯಂತ್ರಗಳನ್ನು ಬೇಕಾದಾಗ ಬೀಳಿಸಬಹುದಿತ್ತು.

ಸಾಲು ಸರಿಪಡಿಸಲು ಅರ್ಧ ನಿಮಿಷ ಬೇಕಾಗಲಿಲ್ಲ. ಮಂಗಳವಾರ ಫ್ಲಾಪಿಯಲ್ಲಿ ಒಯ್ದು ಬೈಂದೂರಿನ ಯಂತ್ರಕ್ಕೆ ಹಾಕಿದೆ. ಅಕ್ಕ, "ಎಂತ ಆಯ್ದಿತ್ ತಂಗಿ?" ಎಂದು ಕೇಳಿದರು. "ಹೊಸ್ದ್ ಹಾಕಿದೆ, ಇನ್ ನಿಲ್ಲುದಿಲ್ಲ," ಎಂದಷ್ಟೇ ಹೇಳಿ, ನೋಟ್‌ಬುಕ್ ಮೇಜಿನ ಮೇಲಿಟ್ಟು ಬಂದೆ. ನಿಮ್ಮ ಮಾತು ನಿಜವಾಗಿತ್ತು ಎಂದು ಮಾತ್ರ ಹೇಳಲಿಲ್ಲ.

ಯಂತ್ರ ಮತ್ತೆ ನಿಲ್ಲಲಿಲ್ಲ. ಡಾಕ್ಟರಿಗೆ ಹೇಳಬೇಕು ಎಂದು ಬುಧವಾರ ಹೊರಟೆ, ಅವರು ಊಟಕ್ಕೆ ಹೋಗಿದ್ದರು, ಕಾಯದೆ ಬಂದುಬಿಟ್ಟೆ. ಗುರುವಾರ ಮಳೆ ಎಂದುಕೊಂಡೆ. ಶುಕ್ರವಾರ ಅವರೇ ಸಿಕ್ಕಿದರು, ಖುಷಿಯಲ್ಲಿದ್ದರು. "ಕಂಡ್ರ್ಯಾ, ನಾನ್ ಜೋರ್ ಮಾಡಿದ್ ಮೇಲೆ ಅವ್ಳ್ ಸಮ ಆದ್ಲ್," ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ಹಾಗಾದರೆ ಅಕ್ಕನ ಕೆಲಸಕ್ಕೆ ತೊಂದರೆ ಇಲ್ಲವಲ್ಲ, ಇನ್ನು ಹೇಳಿ ಯಾರಿಗೇನು ಲಾಭ ಎಂದು ಒಳಗಿನಿಂದ ಯಾರೋ ಹೇಳಿದರು. ಬಾಯಿ ಮುಚ್ಚಿಕೊಂಡೆ. ಆ ವಾರ ನಾನು ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ. ಅಮ್ಮ ಊಟಕ್ಕೆ ಕರೆದರೆ ಸಿಡಿಮಿಡಿ, ಬಸ್ಸು ನಿಧಾನವಾದರೆ ಡ್ರೈವರನ ಮೇಲೆ ಸಿಡಿಮಿಡಿ. ಓದಲು ಕೂತರೆ ಅದೇ ಸಾಲು ಕಣ್ಣೆದುರು ಬರುತ್ತಿತ್ತು.

ಮುಂದಿನ ಗುರುವಾರ ಬ್ರಹ್ಮಾವರದ ಕೋಣೆಗೆ ಹೋದಾಗ ಅಲ್ಲಿ ಹೊಸ ಹುಡುಗಿಯೊಬ್ಬಳು ಕೀಲಿಮಣೆಯ ಮುಂದೆ ಕೂತು ಕಲಿಯುತ್ತಿದ್ದಳು. ಒಂದನೇ ತಾರೀಕಿಗೆ ಬೈಂದೂರಿಗೆ, ಅಕ್ಕನ ಜಾಗಕ್ಕೆ ಹೋಗುವವಳು ಎಂದು ಗೊತ್ತಾಯಿತು. ಸಿಕ್ಕಿದ ಬಸ್ಸು ಹಿಡಿದು ಕುಂದಾಪುರಕ್ಕೆ ಬಂದು, ರೋಗಿಗಳ ಸಾಲನ್ನು ದಾಟಿ ಡಾಕ್ಟರ ಎದುರು ನಿಂತು, ತಪ್ಪು ನನ್ನದು ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಬೈಯಲಿಲ್ಲ. ನಕ್ಕರು. "ಒಂದ್ ಅಕ್ಷರವಾ? ಬಿಡಿ ಮಾರಾಯ್ರೆ, ಕಂಪ್ಯೂಟರ್ ಅಂದ್ರೆ ಹಾಂಗೇ."

"ಹಾಗಾದ್ರೆ ಅಕ್ಕನ್ನ ಬಿಡಿಸ್ಬೇಡಿ."

"ಅದೆಂತ ಮಾಡುಕಾತ್ತ್ ಈಗ? ಸಮ ಆದ್ಲ್ ಅಂದ್ರೂ ಮತ್ತೆ ನಂಬುದ್ ಹ್ಯಾಂಗೆ ಅಂದೇಳಿ ಆ ಹುಡ್ಗಿ ಅಪ್ಪನಿಗೆ ನಿನ್ನೆ ಮಾತ್ ಕೊಟ್ಟಾಯ್ತ್. ಒಂದ್ ವಾರ ಮೊದ್ಲ್ ಹೇಳಿದ್ರೆ ಬೇರೆ ವಿಷಯ." ಅವರು ಗಂಟೆ ಒತ್ತಿ ಮುಂದಿನ ರೋಗಿಯನ್ನು ಕರೆದರು. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅದೇ ತಪ್ಪಿಗೆ ನನಗೆ ಒಂದು ನಗು, ಅಕ್ಕನಿಗೆ ಕೆಲಸವೇ ಹೋಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು, ಈಗ ಬೈಂದೂರಿಗೆ ಹೋಗಬೇಕಲ್ಲ ಎಂದು.

ಹೋದೆ. ಮಧ್ಯಾಹ್ನ ಮೂರರ ಹೊತ್ತು, ಕೋಣೆಯಲ್ಲಿ ರೋಗಿಗಳಿರಲಿಲ್ಲ. ಅಕ್ಕ ಗಾಜಿನ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರು. ಲೆಕ್ಕದ ಕಾಯಿಯಿಂದ ಹಿಡಿದು ಡಾಕ್ಟರ ನಗುವಿನವರೆಗೆ ಎಲ್ಲ ಹೇಳಿದೆ. ಹೇಳುತ್ತ ಅತ್ತೆ. ಅವರು ಅಳಲಿಲ್ಲ, ಚೀಟಿ ಅಂಟಿಸುವುದನ್ನೂ ನಿಲ್ಲಿಸಲಿಲ್ಲ.

"ನಾನ್ ಮೊದ್ಲೇ ಹೇಳಿದ್ದೆ," ಎಂದರು.

"ಹೌದು ಅಕ್ಕ."

"ನಂಗೂ ಕಡೆಕಡೆಗೆ ಅನುಮಾನ ಬಂದಿತ್ತ್. ನಾನೇ ಎಂತದೋ ಮುಟ್ಟಿದ್ನಾ ಅಂದೇಳಿ. ಮನೇಲ್ ನನ್ ಗಂಡನೂ ಹಾಂಗೇ ಹೇಳ್ದ್ರ್." ಕೊನೆಯ ಸೀಸೆಯನ್ನು ಪೆಟ್ಟಿಗೆಯಲ್ಲಿಟ್ಟು ಕೈ ಒರೆಸಿಕೊಂಡರು. ನೋಟ್‌ಬುಕ್ ತೆಗೆದು, ಯಂತ್ರ ನಿಂತ ದಿನಗಳ ಪಟ್ಟಿ ಮುಗಿದ ಜಾಗದಲ್ಲಿ ಬೆರಳಿಟ್ಟು ನನ್ನ ಮುಂದೆ ಇಟ್ಟರು. "ಇಲ್ಲಿ ಬರ್ದ್ ಕೊಡಿ. ಮನೇಲ್ ತೋರ್ಸುಕ್ ಬೇಕ್." ಅಷ್ಟು ದಿನ ನೀನು ಎನ್ನುತ್ತಿದ್ದವರು.

ಬರೆದೆ. ಯಂತ್ರ ನಿಲ್ಲುತ್ತಿದ್ದುದು ನನ್ನ ತಪ್ಪಿನಿಂದ, ಇವರು ಏನೂ ಮಾಡಿಲ್ಲ, ಇವರು ಕಾರಣವನ್ನು ನನಗೆ ಮೊದಲೇ ಹೇಳಿದ್ದರು, ನಾನು ಕೇಳಲಿಲ್ಲ. ಕೆಳಗೆ ಸಹಿ ಹಾಕಿ, ಆ ದಿನದ ತಾರೀಕು ಬರೆದೆ.

ಅಕ್ಕ ಒಂದೊಂದೇ ಪದ ಓದಿದರು. ತಾರೀಕಿನ ಮೇಲೆ ಬಂದು ನಿಂತರು.

"ಇದ್ ಹೇಳಿದ್ ದಿನ," ಎಂದರು. "ಗೊತ್ತಾದ್ ದಿನ ಯಾವ್ದ್? ಅದನ್ನೂ ಹಾಕಿ."

ಪೆನ್ನು ಕೈಯಲ್ಲೇ ಇತ್ತು. ಹಾಕದೆ ವಿಧಿ ಇರಲಿಲ್ಲ. ಆ ಭಾನುವಾರದ ತಾರೀಕನ್ನು ಪಕ್ಕದಲ್ಲಿ ಬರೆದೆ. ಅಕ್ಕ ಎರಡನ್ನೂ ನೋಡಿದರು. ಹೆಬ್ಬೆರಳು ಕಿರುಬೆರಳಿನ ಬುಡದಿಂದ ಹೊರಟು, ಗೆಣ್ಣಿನಿಂದ ಗೆಣ್ಣಿಗೆ ಏರಿ ಇಳಿದು, ಹನ್ನೊಂದಕ್ಕೆ ಬಂದು ನಿಂತಿತು. ನೋಟ್‌ಬುಕ್ ಮುಚ್ಚಿ ಚೀಲಕ್ಕೆ ಹಾಕಿಕೊಂಡರು. ಸೀಸೆಗಳ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ಹ್ಯಾಂಗೂ ಕುಂದಾಪ್ರಕ್ಕೆ ಹೋಪುದಲ್ದಾ, ಇದನ್ ಕೊಂಡ್ಹೋಯ್ನಿ," ಎಂದರು.